ಉಮಾಶ್ರೀಯ ಕೈಗುಣ

ಬೆಳಿಗ್ಗೆ ಬಚ್ಚಲಿನಿಂದ ಹೊರಬಂದ ಉಮಾಶ್ರೀ ಡೈರಿ ತೆಗೆದು ಒಂದೇ ಸಾಲು ಬರೆದಳು: 'ಇವತ್ತೇ ಮುಟ್ಟಾಗಬೇಕಿತ್ತಾ? ಯಾರಿಗೆ ಹೇಳಲಿ?' ಪೆನ್ನಿಗೆ ಮುಚ್ಚಳ ಹಾಕುವಷ್ಟರಲ್ಲಿ ಅಂಗಳದಿಂದ ದೊಡ್ಡವ್ವ ಕಲ್ಯಾಣಮ್ಮನ ಕೂಗು ಬಂತು.

"ಉಮಾ, ಲಗೂನ ಬಾ ಬೇ. ಈ ವರ್ಷ ಉಪ್ಪಿನಕಾಯಿ ನೀನೇ ಕಲಸ್ಬೇಕು."

ಮುಟ್ಟಾದವರು ಉಪ್ಪಿನಕಾಯಿಗೆ ಕೈ ಹಚ್ಚಬಾರದು. ಅವರ ನೆರಳು ಬಿದ್ದರೂ ಸಾಕು, ಬೂಸರು ಬರುತ್ತದೆ. ಸುರಪುರದ ಆ ಓಣಿಯಲ್ಲಿ ಈ ತೀರ್ಪಿಗೆ ಅಪೀಲು ಇರಲಿಲ್ಲ. ಕಲ್ಯಾಣಮ್ಮನೇನೋ ಮಠದ ಪ್ರವಚನ ಕೇಳಿ ಬಂದಾಗಲೆಲ್ಲ, "ಲಿಂಗ ಕಟ್ಟಿದವ್ರಿಗಿ ಸೂತಕ ಎಲ್ಲೀದು" ಎಂದು ಓಣಿಗೆಲ್ಲ ಸಾರುವವಳು. ಲಿಂಗಕ್ಕಿಲ್ಲದ ಸೂತಕ ಉಪ್ಪಿನಕಾಯಿ ಭರಣಿಗೆ ಮಾತ್ರ ಇತ್ತು.

ಹೋದ ವರ್ಷ ಭರಣಿಯಲ್ಲಿ ಬೂಸರು ಕಂಡಾಗ ತಪ್ಪೆಲ್ಲ ಸೊಸೆ ಬಸವೇಶ್ವರಿಯ ತಲೆಗೆ ಬಂತು. "ಮುಟ್ಟಾಗಿ ಮುಚ್ಚಿಟ್ಟು ಕಲಸ್ಯಾಳ" ಎಂಬ ಮಾತು ವರ್ಷವಿಡೀ ಪ್ರತಿ ಊಟಕ್ಕೂ ಉಪ್ಪಿನಕಾಯಿಯ ಬದಲು ಬಡಿಸಲ್ಪಟ್ಟಿತು. ನಿಜವಾಗಿ ಭರಣಿ ತೊಳೆದು, ಒಣಗಿಸದೆ ತುಂಬಿದವಳು ಕಲ್ಯಾಣಮ್ಮನೇ. ಉಮಾ ಅದನ್ನು ಕಣ್ಣಾರೆ ಕಂಡಿದ್ದಳು, ಡೈರಿಯಲ್ಲಿ ಬರೆದೂ ಇದ್ದಳು. ಬಾಯಿ ಮಾತ್ರ ಬಿಟ್ಟಿರಲಿಲ್ಲ. ಓದಲೆಂದು ಹುಣಸಗಿಯಿಂದ ಬಂದು ಈ ಮನೆಯಲ್ಲೇ ಬಿ.ಎ. ಮುಗಿಸಿದವಳು; ದೊಡ್ಡವ್ವನ ಮುಂದೆ ಅವಳ ನಾಲಿಗೆ ನೀರಲ್ಲಿ ನೆನೆದ ಪಟಾಕಿ.

"ದೊಡ್ಡವ್ವ, ಒಂದ್ ಮಾತು..." ಎಂದು ಶುರುಮಾಡಿದಳು. ಅಷ್ಟರಲ್ಲಿ ದೊಡ್ಡಪ್ಪ ಲಿಂಗಣ್ಣ ಮೊಬೈಲು ಹಿಡಿದು ಬಂದು ಹೊರಸಿನ ಮೇಲೆ ಕುಳಿತರು. ಗಂಡಸರ ಎದುರಿಗೆ ಹೇಳುವ ಮಾತೇ ಅದು? ಉಮಾ ಬಾಯಿ ಹೊಲಿದುಕೊಂಡು ಸಾಸಿವೆ ಕುಟ್ಟಲು ಕುಳಿತಳು.

"ಕೇಳ್ರಿ ಇಲ್ಲಿ," ದೊಡ್ಡಪ್ಪ ಓದತೊಡಗಿದರು. "ಸಾಸಿವಿ ಪುಡಿ ಕಫಾ ಕರಗಸ್ತದಂತ. ಉಂಡದ್ದು ಜೀರ್ಣ ಮಾಡ್ತದಂತ. ಮೊಣಕಾಲಿಗಿ ಲೇಪ ಹಚ್ಚಿದ್ರ ಮುದುಕರೂ ಓಡ್ತಾರಂತ."

ಪುಡಿ ಹಾರಿ ಮೂಗಿಗೆ ಹೊಕ್ಕಿತು. ಉಮಾ ಏಳು ಸಲ ಸೀನಿದಳು.

"ನೋಡು, ಕಫಾ ಹೊಂಟತು," ಎಂದರು ದೊಡ್ಡಪ್ಪ.

ಹೊಟ್ಟೆ ಹಿಂಡಿದಂತಾಗಿ ಅವಳು ಸೊಂಟ ಹಿಡಿದುಕೊಂಡಳು.

"ಸೊಂಟ ಬ್ಯಾನಿ ಏನವಾ? ಬಿಸಿನೀರಾಗ ಸಾಸಿವಿ ಪುಡಿ ಹಾಕಿ ಕಾಲಿಟ್ಟು ಕೂಡು. ಎಲ್ಲಾದ್ಕೂ ಇದ್ರಾಗ ಔಷಧ ಅದ."

ಬಾಯಿಬಿಟ್ಟು ಹೇಳಲಾಗದ್ದಕ್ಕೆ ಮಾತ್ರ ಇಲ್ಲ ಎಂದು ಉಮಾ ಹಲ್ಲು ಕಡಿದಳು.

ಅಗಲ ತಟ್ಟೆಯಂಥ ಪರಾತದಲ್ಲಿ ಮಾವಿನ ಹೋಳು, ಉಪ್ಪು, ಖಾರ, ಸಾಸಿವೆ ಪುಡಿ, ಕಾಸಿ ಆರಿಸಿದ ಶೇಂಗಾ ಎಣ್ಣೆ. ಉಮಾ ಮೊಣಕೈತನಕ ಕೈ ಇಳಿಸಿ ಕಲಸಿದಳು. ಕಲ್ಯಾಣಮ್ಮ ಒಂದು ಹೋಳು ಬಾಯಿಗಿಟ್ಟಳು. ಸಾಸಿವೆ ನೆತ್ತಿಗೇರಿ ಕಣ್ಣಲ್ಲಿ ನೀರು ಬಂತು.

"ಕೈಗುಣ ಅಂದ್ರ ಇದು. ಶುದ್ಧ ಕೈ." ಆಮೇಲೆ ಅಡುಗೆಮನೆಯ ಕಡೆ ಕುತ್ತಿಗೆ ಚಾಚಿ, "ಎಲ್ಲಾರ ಕೈ ಹಿಂಗಿರಲ್ಲ ಬಿಡು," ಎಂದಳು.

ಒಳಗೆ ಉಳ್ಳಾಗಡ್ಡಿ ಹೆಚ್ಚುತ್ತಿದ್ದ ಬಸವೇಶ್ವರಿಯ ಕೈ ನಿಂತಿತು.

ಗೋಡೆಯಾಚೆಯಿಂದ ಇದನ್ನು ಕೇಳಿಸಿಕೊಂಡ ಪಕ್ಕದ ಮನೆಯ ಮಲ್ಲಿಕಮ್ಮ ತನ್ನ ಪರಾತ ಹೊತ್ತು ತಂದಳು. ಅವಳ ಹಿಂದೆ ಎದುರು ಮನೆಯ ಸಾಯಬಮ್ಮ. ಮಧ್ಯಾಹ್ನದೊಳಗೆ ನಾಲ್ಕು ಮನೆಯ ಉಪ್ಪಿನಕಾಯಿ ಮುಗಿದು, ಐದನೆಯದು ನಡೆದಿತ್ತು. ಉಮಾಳ ಕೈಗಳು ಹೆಂಚಿನ ಮೇಲಿನ ರೊಟ್ಟಿಯಂತೆ ಉರಿಯುತ್ತಿದ್ದವು. ಮರೆತು ಕಣ್ಣೊರೆಸಿಕೊಂಡಳು, ಕಣ್ಣು ಊದಿ ಧಾರೆ ಸುರಿಯಿತು.

"ಎಷ್ಟು ಭಕ್ತಿಲಿಂದ ಕಲಸ್ತಾಳ ನೋಡ್ರಿ," ಎಂದಳು ಮಲ್ಲಿಕಮ್ಮ.

ಪಾಪ ಎನಿಸಿ ಬಸವೇಶ್ವರಿ ಒಂದು ತಂಬಿಗೆ ನೀರು ತಂದಳು.

"ಅಲ್ಲೇ ನಿಂದ್ರು," ಕಲ್ಯಾಣಮ್ಮ ಗದರಿದಳು. "ಪರಾತದ ಮ್ಯಾಲ ನಿನ್ನ ನೆರಳು ಬಿದ್ದೀತು. ಹೋದ ವರ್ಷ ಮಾಡಿದ್ದು ಸಾಲಲಿಲ್ಲೇನು?"

ಸಾಸಿವೆಗಿಂತ ಖಾರವಾದದ್ದೇನೋ ಉಮಾಳ ನೆತ್ತಿಗೇರಿತು. ಅವಳು ಎದ್ದು ನಿಂತ ರಭಸಕ್ಕೆ ಪರಾತ ಖಣ್ ಎಂದಿತು.

"ದೊಡ್ಡವ್ವ, ಇವತ್ತ ಮುಟ್ಟಾದಾಕಿ ನಾನು. ಮುಂಜಾನಿನೇ ಆಗೀನಿ. ಐದೂ ಮನೀದು ಮುಟ್ಟಾಗೇ ಕಲಸೀನಿ. ಬಸವೇಶ್ವರಿ ವೈನಿದೇನೂ ತಪ್ಪಿಲ್ಲ, ಆವತ್ತೂ ಇದ್ದಿಲ್ಲ."

ದೊಡ್ಡಪ್ಪ ಮೊಬೈಲಿನೊಳಗೆ ಮುಖ ಹುದುಗಿಸಿದರು. ಕಲ್ಯಾಣಮ್ಮ ಮುಂಜಾನೆ ತುಂಬಿಟ್ಟ ತನ್ನ ಭರಣಿಯ ಬಳಿ ಹೋಗಿ ಮುಚ್ಚಳ ತೆಗೆದಳು. ಎಣ್ಣೆ ಮೇಲೆ ತೇಲಿ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಮೂಸಿದಳು. ಇನ್ನೊಂದು ಹೋಳು ಬಾಯಿಗಿಟ್ಟು, ನಿಧಾನವಾಗಿ ಅಗಿದು, ಬೆರಳು ನೆಕ್ಕಿದಳು.

"ಸುಳ್ಳ ಹೇಳಬ್ಯಾಡ," ಎಂದಳು ಕಲ್ಯಾಣಮ್ಮ. "ಮುಟ್ಟಾಗಿದ್ರ ಇಷ್ಟು ರುಚಿ ಆಗ್ತಿತ್ತೇನು?"

"ಕೈ ಉರೀಲಾಕತ್ಯಾವ, ಕೆಲಸಾ ತಪ್ಪಿಸ್ಕೊಳ್ಳಾಕ ನೆವಾ ಹೇಳ್ತಾಳ," ಮಲ್ಲಿಕಮ್ಮ ನಕ್ಕಳು.

"ಖರೇನ ಹೇಳ್ತೀನ್ರಿ," ಎಂದಳು ಉಮಾ.

"ಬಾಯಿ ಇಲ್ಲದ ಕೂಸಿಗಿ ಇಂಥಾ ಸುಳ್ಳ ಯಾರು ಕಲಿಸ್ಯಾರ ಅಂಬೋದು ನನಗ ಗೊತ್ತದ." ಕಲ್ಯಾಣಮ್ಮ ಬಸವೇಶ್ವರಿಯತ್ತ ತಿರುಗಿದಳು. "ತಾನು ಬಚಾವಾಗಾಕ ಏನೆಲ್ಲಾ ಹೂಡ್ಯಾಳ ನೋಡ್ರಿ."

ತಂಬಿಗೆ ಹಿಡಿದು ನಿಂತೇ ಇದ್ದ ಬಸವೇಶ್ವರಿ ಉಮಾಳನ್ನು ನೋಡಿದಳು. ಅದೇ ಮಾತು ಬಡಿಸುವ ಇನ್ನೊಂದು ವರ್ಷದ ಊಟ ಅವಳ ಕಣ್ಣಲ್ಲಿತ್ತು.

ಅಷ್ಟರಲ್ಲಿ ಬಾಗಿಲಲ್ಲಿ ಸದ್ದಾಯಿತು. ಕೈಗುಣದ ಸುದ್ದಿ ಮಠದತನಕ ಹೋಗಿ, ದಾಸೋಹದ ಉಪ್ಪಿನಕಾಯಿಯ ಪರಾತ ಇಬ್ಬರ ತಲೆಯ ಮೇಲೆ ಬಂದು ಉಮಾಳ ಮುಂದೆ ಇಳಿಯಿತು.