ಯಾವುದನ್ನೂ ತಂಪು ಮಾಡದ ಫ್ಯಾನು

ಸದ್ದೇ ಇಲ್ಲದ ಜಾಗ ಬೇಕೆಂದು ಆಸೆಪಡುವವರು, ಸದ್ದು ನಿಂತ ಮೇಲೆ ಅಲ್ಲಿ ಏನೇನು ಕೇಳಿಸಲಿದೆ ಎಂದು ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು. ನಾನು ವಿಚಾರಿಸಲಿಲ್ಲ. ಹಾಗೆಂದು ನಾನು ಮುಂದಾಲೋಚನೆ ಇಲ್ಲದವಳಲ್ಲ. ದಿನಚರಿಯಲ್ಲಿ ದಿನಾಂಕ ಹಾಕದೆ ಒಂದು ತಲೆನೋವಿನ ಮಾತ್ರೆಯನ್ನೂ ನುಂಗುವವಳಲ್ಲ. ಕಡ್ಡಿರಾಂಪುರದಿಂದ ಹೊಸಪೇಟೆಗೆ ಬರುವ ಬಸ್ಸಿನಲ್ಲಿ ಎಷ್ಟು ದಿನ ಸೀಟು ಸಿಕ್ಕಿತು, ಎಷ್ಟು ದಿನ ನಿಂತುಕೊಂಡು ಬಂದೆ ಎಂಬುದಕ್ಕೂ ನನ್ನಲ್ಲಿ ಲೆಕ್ಕವಿದೆ. ನಿಂತದ್ದೇ ಹೆಚ್ಚು. ಇಷ್ಟೆಲ್ಲ ಬರೆದಿಡುವ ನಾನು ಸದ್ದಿಲ್ಲದ ಒಂದು ಕಂಪ್ಯೂಟರ್ ಕಟ್ಟಲು ಹೊರಟಾಗ ಅದು ಎಷ್ಟು ಕರೆಂಟು ತಿನ್ನುತ್ತದೆ, ಎಷ್ಟು ಬಿಸಿಯಾಗುತ್ತದೆ, ಎಷ್ಟು ಡೆಸಿಬಲ್ ಗುನುಗುತ್ತದೆ ಎಂದೆಲ್ಲ ಲೆಕ್ಕ ಹಾಕಿದೆ. ಅದರ ಮುಂದಿನ ಸ್ಟೂಲಿನ ಮೇಲೆ ಬಂದು ಕೂರುವವರನ್ನು ಮಾತ್ರ ಲೆಕ್ಕಕ್ಕೆ ಹಿಡಿಯಲಿಲ್ಲ.

ನಾನು ಕೆಲಸ ಮಾಡುವುದು ಹೊಸಪೇಟೆಯ ಒಂದು ಓಣಿಯೊಳಗಿನ ಬ್ಯಾನರ್ ಅಂಗಡಿಯಲ್ಲಿ. ಗಿರಾಕಿ ಹೇಳಿದ್ದನ್ನು ಕೇಳಿಕೊಂಡು ಫೋಟೋ, ಅಕ್ಷರ, ಹೂವು, ದೀಪ ಜೋಡಿಸಿ ಕೊಡುವುದು ನನ್ನ ಕೆಲಸ. ಮುದ್ರಣ ಬೇರೆ ಬೀದಿಯಲ್ಲಿ ನಡೆಯುತ್ತದೆ. ಲೀಡರುಗಳ ಹುಟ್ಟುಹಬ್ಬ, ಹಂಪಿ ದಾರಿಯ ಹೋಂಸ್ಟೇಗಳ ಬೋರ್ಡು, ಸಂಡೂರಿನ ಲಾರಿಯವರ ಶುಭಾಶಯ, ಇವೆಲ್ಲ ಸೀಜನ್ನಿನ ಮಾಲು. ವರ್ಷವಿಡೀ ತಪ್ಪದೆ ಬರುವುದು ಶ್ರದ್ಧಾಂಜಲಿ. "ಮದುವಿ ಮಂದಿ ನಾಕು ಸರ್ತಿ ಡಿಸೈನ್ ಬದ್ಲಿ ಮಾಡಸ್ತಾರ. ಸತ್ತ ಮನಿಯವರು ತೋರಿಸಿದ್ದಕ್ಕ ಹೂಂ ಅಂತಾರ. ಅಂಗಡಿ ನಡ್ಯಾದು ಅವರಿಂದ ನೋಡವಾ," ಎಂದು ನಮ್ಮ ಮಾಲೀಕರಾದ ಈರಣ್ಣ ಹೇಳುವುದುಂಟು. ಹೇಳಿ, ಇಂಥ ಮಾತು ಆಡಬಾರದಿತ್ತು ಎಂಬಂತೆ ಗಲ್ಲ ಗಲ್ಲ ಬಡಿದುಕೊಳ್ಳುತ್ತಾರೆ.

ಮೊದಲು ಅಂಗಡಿಯಲ್ಲಿದ್ದುದು ಒಂದು ಹಳೆಯ ಕಂಪ್ಯೂಟರು. ಅದರ ಸದ್ದು ಹಿಟ್ಟಿನ ಗಿರಣಿಯದೇ ಸರಿ. ಒಳಗೆ ನಾಲ್ಕು ಫ್ಯಾನು, ನಾಲ್ಕಕ್ಕೂ ನಾಲ್ಕು ಬಗೆಯ ಕೆಮ್ಮು. ಅದಿರಿನ ಲಾರಿಗಳು ಎಬ್ಬಿಸುವ ಕೆಂಧೂಳು ಓಣಿಗೂ ಬಂದು ಸೇರುತ್ತದೆ; ಆ ಫ್ಯಾನುಗಳು ಅದನ್ನು ಎಳೆದೆಳೆದು ಒಳಗೆ ತುಂಬಿಕೊಳ್ಳುತ್ತಿದ್ದವು. ಒಮ್ಮೆ ಬಿಚ್ಚಿ ಜಾಡಿಸಿದಾಗ ಸಂಡೂರಿನ ಗುಡ್ಡದ ಒಂದು ಸಣ್ಣ ಪಾಲು ಕಾಗದದ ಮೇಲೆ ಬಿತ್ತು. "ಪರ್ಮಿಟ್ ಇಲ್ದ ಅದಿರು ಸಾಗಸಾಕತ್ತೀವಲ್ಲೇ! ಜಲ್ದಿ ಒಗಿಯವಾ, ಯಾರರ ನೋಡ್ಯಾರು," ಎಂದು ಈರಣ್ಣ ಗಾಬರಿಯ ನಟನೆ ಮಾಡಿದ್ದರು. ಕರೆಂಟು ಹೋದರೆ ಇನ್ನೊಂದು ಗೋಳು. ಆ ಯಂತ್ರದ ಹಸಿವಿಗೆ ನಮ್ಮ ಯುಪಿಎಸ್ಸು ಸಾಲುತ್ತಿರಲಿಲ್ಲ. ಅದು ಕುಂಯ್ ಕುಂಯ್ ಎಂದು ಅಳುತ್ತ, ನಾನು ಫೈಲು ಉಳಿಸುವುದರೊಳಗೆ ಪ್ರಾಣ ಬಿಡುತ್ತಿತ್ತು. ಎಷ್ಟೋ ಜನ ನಮ್ಮಲ್ಲಿ ಎರಡೆರಡು ಸಲ ತೀರಿಕೊಂಡಿದ್ದಾರೆ.

ಅದರ ಮುಂದೆ ಮಾತೆಂದರೆ ಕೂಗಾಟವೇ. "ಹೆಸರು ಹೇಳ್ರೀ!" ಎಂದು ನಾನು ಕೂಗಬೇಕು. "ಹನುಮಂತಪ್ಪ!" ಎಂದು ಅವರು ಕೂಗಬೇಕು. "ವಯಸ್ಸು!" "ಎಪ್ಪತ್ತೆರಡು!" "ಯಾವತ್ತು ಹೋದ್ರು!" "ಮೊನ್ನಿ ಸೋಮಾರ!" ಹೊರಗಿನಿಂದ ಕೇಳಿದವರು ತರಕಾರಿ ಹರಾಜೆಂದು ತಿಳಿಯಬೇಕು. ಎರಡು ವರ್ಷದ ಹಿಂದೆ ನಮ್ಮಪ್ಪನ ಬ್ಯಾನರನ್ನೂ ಅದೇ ಯಂತ್ರದ ಮೇಲೆ ನಾನೇ ಮಾಡಿದೆ. ಅವ್ವ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದಳು. ಹೆಸರು, ವಯಸ್ಸು, ತಾರೀಖು ಎಲ್ಲ ನನಗೇ ಗೊತ್ತಿದ್ದುದರಿಂದ ಯಾರನ್ನೂ ಏನೂ ಕೇಳುವ ಅಗತ್ಯ ಬೀಳಲಿಲ್ಲ. ಅಂಗಡಿಯಲ್ಲಿ ಅಷ್ಟು ಬೇಗ ಮುಗಿದ ಶ್ರದ್ಧಾಂಜಲಿ ಇನ್ನೊಂದಿಲ್ಲ ಎಂದು ದಿನಚರಿಯಲ್ಲಿ ಬರೆದಿದ್ದೇನೆ. ಅದೊಂದು ಸಾಧನೆ ಎಂದೇ ಆಗ ಅನ್ನಿಸಿತ್ತು.

ಆ ಸದ್ದಿಗೆ ನನಗೆ ಬರುತ್ತಿದ್ದ ತಲೆನೋವುಗಳ ಪಟ್ಟಿ ತೋರಿಸಿ, ಹೊಸದೊಂದನ್ನು ನಾನೇ ಕಟ್ಟುತ್ತೇನೆಂದು ಈರಣ್ಣನನ್ನು ಒಪ್ಪಿಸಿದೆ. ಕಡಿಮೆ ಕರೆಂಟಿನಲ್ಲಿ ಓಡುವ ಪ್ರೊಸೆಸರು, ಅದರ ತಲೆಯ ಮೇಲೆ ಬಿಸಿ ಹೀರಿಕೊಳ್ಳಲು ಪಾತ್ರೆಯಷ್ಟು ದೊಡ್ಡ ಅಲ್ಯೂಮಿನಿಯಂ ಹೀಟ್‌ಸಿಂಕು, ತಿರುಗುವ ಡಿಸ್ಕಿನ ಬದಲು ತಿರುಗದ ಎಸ್‌ಎಸ್‌ಡಿ, ಲ್ಯಾಪ್‌ಟಾಪಿಗೆ ಇರುವಂಥ ಚಿಕ್ಕ ಪವರ್ ಅಡಾಪ್ಟರು. ಫ್ಯಾನು ಒಂದೂ ಇಲ್ಲ. ಫ್ಯಾನಿಲ್ಲದ ಮೇಲೆ ಧೂಳೆಳೆಯುವ ಬಾಯಿಯೂ ಇಲ್ಲ. ಹಳೆಯದು ನುಂಗುತ್ತಿದ್ದ ಕರೆಂಟಿನ ಆರನೇ ಒಂದು ಪಾಲು ಇದಕ್ಕೆ ಧಾರಾಳ. ಕರೆಂಟು ಹೋದರೂ ಯುಪಿಎಸ್ಸಿನ ಮೇಲೆ ಗಂಟೆಗಟ್ಟಲೆ ಓಡುತ್ತದೆ. ಸದ್ದು ಅಳೆಯಲು ಮೊಬೈಲಿನ ಆ್ಯಪು ಹಿಡಿದರೆ ಅದು ಗೋಡೆಯ ಗಡಿಯಾರದ ಟಿಕ್ ಟಿಕ್ ಅನ್ನು ಅಳೆಯಿತು. ಯಂತ್ರದಲ್ಲಿ ಅಳೆಯಲು ಅದಕ್ಕೆ ಏನೂ ಸಿಗಲಿಲ್ಲ. ಆ ದಿನ ನನ್ನ ಹೆಮ್ಮೆಗೆ ಬಸ್ಸಿನಲ್ಲಿ ಸೀಟು ಸಿಗದಿದ್ದದ್ದೂ ಗೊತ್ತಾಗಲಿಲ್ಲ.

ಮೊದಲ ವಾರ ಅದು ಚಾಲೂ ಇದೆ ಎಂದು ಯಾರೂ ನಂಬಲಿಲ್ಲ. ಬಂದವರೆಲ್ಲ "ಕರೆಂಟಿಲ್ಲೇನ್ರಿ? ಆಮ್ಯಾಲ ಬರ್ತೀವಿ ಬಿಡ್ರಿ," ಎಂದು ಹೊರಡುತ್ತಿದ್ದರು. ಈರಣ್ಣ ಅದು ಬಂದ್ ಆಗಿದೆಯೆಂದು ತಿಳಿದು, ಚಾಲೂ ಮಾಡಲು ಗುಂಡಿ ಒತ್ತಿ, ಮೂರು ಸಲ ಬಂದ್ ಮಾಡಿದರು. ಇವೆಲ್ಲ ಸಣ್ಣ ತೊಂದರೆಗಳು. ದೊಡ್ಡದು ಬಂದದ್ದು ಕಂಪ್ಲಿಯ ಒಬ್ಬ ಹೆಣ್ಣುಮಗಳ ಜೊತೆ. ಅವರ ತಾಯಿ ತೀರಿಕೊಂಡಿದ್ದರು. ನಾನು ರೂಢಿಯಂತೆ "ಹೆಸರು ಹೇಳ್ರೀ!" ಎಂದು ಕೂಗಿದೆ. ಆ ನಿಶ್ಶಬ್ದದಲ್ಲಿ ಅದು ಬೈದಂತೆ ಕೇಳಿಸಿ, ಅವರು ಬೆಚ್ಚಿದರು, ನಾನೂ ಬೆಚ್ಚಿದೆ. ಆಮೇಲೆ ಅವರು ಮೆಲ್ಲನೆ ಹೇಳತೊಡಗಿದರು. ಹೆಸರು ಹೇಳಿದರು, ವಯಸ್ಸು ಹೇಳಿದರು, ಅಲ್ಲಿಗೆ ನಿಲ್ಲಿಸಲಿಲ್ಲ. "ಈ ಫೋಟೋದಾಗ ಅವ್ವ ನಗಾಕತ್ಯಾಳಲ್ರಿ, ಹಿಂಗ ಅಕಿ ನಗತಿದ್ದಿಲ್ಲ. ಮಂಡಿ ನೋವು ಅಕಿಗೆ. ಅವತ್ತು ನಾ ಕಾಲು ಜಾರಿ ಬಿದ್ನಿ, ಅದನ್ನ ನೋಡಿ ನಕ್ಕಿದ್ಳು," ಎಂದರು. ಎಂದವರೇ ಅಳತೊಡಗಿದರು. ಕೂಗುವ ಗಂಟಲಿಗೆ ಅಳಲು ಬರುವುದಿಲ್ಲ, ಒಂದು ಹೊತ್ತಿಗೆ ಅದು ಒಂದೇ ಕೆಲಸ ಮಾಡುತ್ತದೆ ಎಂಬುದು ನನಗೆ ಹೊಳೆದದ್ದು ಆಗ. ನಮ್ಮ ಹಳೆಯ ಗಿರಣಿ ಇಷ್ಟು ವರ್ಷ ಹಿಡಿದಿಟ್ಟದ್ದು ಬರೀ ಧೂಳನ್ನಲ್ಲ.

ಅಂದಿನಿಂದ ದಿನವೂ ಅದೇ ಆಯಿತು. ಹೊಸಪೇಟೆಯವನೇ ಆದ ಒಬ್ಬ ಹುಡುಗ, ಬೌದ್ಧ ಮನೆತನದವನು, ಪರದೆಯ ಮೇಲೆ ಸಿದ್ಧವಾಗಿದ್ದ 'ದೈವಾಧೀನರಾದರು' ಎಂಬ ಪದಕ್ಕೆ ಬೆರಳಿಟ್ಟು, "ಇದು ಬ್ಯಾಡ್ರಿ ಅಕ್ಕ. ನಮ್ಮಪ್ಪ ಜೀವ ಇದ್ದಾಗ ಅಧಿಕಾರಿ ಅಧೀನದಾಗ ಸೈತ ಇರಲಿಲ್ಲ," ಎಂದು ನಗುತ್ತ ಹೇಳಿ, ನಗು ಮುಗಿಯುವ ಮೊದಲೇ ಮುಖ ಆಚೆ ತಿರುಗಿಸಿದ. ನಾನು ಆ ಪದ ತೆಗೆದು 'ನಿಧನರಾದರು' ಎಂದು ಹಾಕಿ, ನೀರಿನ ಬಾಟಲಿ ಮುಂದೆ ಸರಿಸಿದೆ. ಸರಿಸಿ ಸರಿಸಿ ಅದಕ್ಕೆ ಮೇಜಿನ ಮೇಲೊಂದು ಜಾಡು ಬಿತ್ತು. ದಿನಚರಿಯಲ್ಲಿ ವ್ಯಾಟು, ಬಿಸಿ ಎಂಬ ಅಂಕಣಗಳ ಪಕ್ಕದಲ್ಲಿ ನಾನು 'ಅತ್ತ ಗಿರಾಕಿಗಳು' ಎಂದು ಇನ್ನೊಂದು ಗೆರೆ ಎಳೆದೆ. ವ್ಯಾಟು ಇಳಿದೇ ಇತ್ತು, ಈ ಅಂಕಣ ಏರತೊಡಗಿತು. ಸಂಜೆ ಬಸ್ಸಿನಲ್ಲಿ ಹಂಪಿಗೆ ಹೊರಟ ಪ್ರವಾಸಿಗರು ನಗುತ್ತಿದ್ದರೆ, ನಾನು ಕಂಬಿ ಹಿಡಿದು ನಿಂತು, ಎಂದೂ ನೋಡಿರದ ಕಂಪ್ಲಿಯ ಒಬ್ಬ ಅವ್ವನ ಮಂಡಿನೋವಿನ ಚಿಂತೆ ಮಾಡುತ್ತಿದ್ದೆ. ಮನೆಯಲ್ಲಿ ರೊಟ್ಟಿ ಅರ್ಧಕ್ಕೇ ಬಿಟ್ಟು ಏಳುತ್ತಿದ್ದೆ. "ಹೊಸಾ ಮಶೀನ್ ಬಂದಾಗಿಂದ ಯಾಕ ಹಿಂಗ ಆಗಿ?" ಎಂದು ಅವ್ವ ಕೇಳುತ್ತಿದ್ದಳು.

ಊಟದ ಹೊತ್ತಿಗೆ ಆರು ಬ್ಯಾನರ್ ಮುಗಿಯುತ್ತಿದ್ದ ಅಂಗಡಿಯಲ್ಲಿ ಈಗ ಮೂರು ಮುಗಿದರೆ ಹೆಚ್ಚು. ಈರಣ್ಣ ಒಂದು ವಾರ ನೋಡಿದರು, ಎರಡು ವಾರ ನೋಡಿದರು. ಕೊನೆಗೆ, "ಇದೇನು ಬ್ಯಾನರ್ ಅಂಗಡಿನೋ, ಅಳಾ ಅಂಗಡಿನೋ? ಮಂದಿ ಬಾಗಲದಾಗ ನಿಂತು ನಿಂತು ಮುಂದಿನ ಅಂಗಡಿಗೆ ಹೊಂಟಾರ," ಎಂದರು. ಅಟ್ಟದ ಮೇಲೆ ಗೋಣಿಚೀಲ ಹೊದ್ದು ಕೂತಿದ್ದ ಹಳೆಯದರ ಕಡೆ ಕೈ ತೋರಿಸಿ, "ಅಮಾಸಿ ತನಕ ನೋಡ್ತೀನವಾ. ಅಮಾಸಿ ಪೂಜಿ ಯಾವ ಡಬ್ಬಿಗೆ ಮಾಡಬೇಕು ಅಂತ ಅವತ್ತ ಹೇಳ್ತೀನಿ," ಎಂದು ತೀರ್ಮಾನ ಕೊಟ್ಟರು. ಹೊಸದು ನಾನು ನನ್ನ ಕೈಯಾರೆ ಕಟ್ಟಿದ ಒಂದೇ ಒಂದು ವಸ್ತು. ಅದು ಅಟ್ಟಕ್ಕೆ ಹೋಗುವುದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ.

ಹಾಗಾಗಿ ಒಂದು ಉಪಾಯ ಮಾಡಿದೆ. ಸದ್ದಿಲ್ಲದ ಯಂತ್ರ ಕಟ್ಟುವ ಯಾರೂ ಅದನ್ನು ಮೆಚ್ಚಲಾರರು. ಹಳೆಯದರ ನಾಲ್ಕು ಫ್ಯಾನುಗಳಲ್ಲಿ ಅತಿ ಹೆಚ್ಚು ಕೆಮ್ಮುವ ಒಂದನ್ನು ಬಿಚ್ಚಿ ತಂದು ಮೇಜಿನ ಮೂಲೆಗೆ ಸ್ಕ್ರೂ ಹಾಕಿ ಬಿಗಿದೆ. ಅದಕ್ಕೊಂದು ಅಡಾಪ್ಟರು, ಒಂದು ಸ್ವಿಚ್ಚು. ಕಂಪ್ಯೂಟರಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಮುಖ ಗೋಡೆಯ ಕಡೆಗಿದೆ, ಗೋಡೆಗೆ ಗಾಳಿ ಬೀಸುತ್ತದೆ. ಗಿರಾಕಿ ಬಂದು ಕೂತ ಕೂಡಲೇ ಸ್ವಿಚ್ ಹಾಕುತ್ತಿದ್ದೆ. "ಹೆಸರು ಹೇಳ್ರೀ!" "ವಯಸ್ಸು!" ಹರಾಜು ಮತ್ತೆ ಶುರುವಾಯಿತು. ಊಟದೊಳಗೆ ಐದು, ಆರು. 'ಅತ್ತ ಗಿರಾಕಿಗಳು' ಅಂಕಣದಲ್ಲಿ ಸೊನ್ನೆಗಳು ಸಾಲಾಗಿ ಕೂತವು. ನಾನು ರೊಟ್ಟಿ ತಿನ್ನತೊಡಗಿದೆ. ಬರೀ ಸದ್ದಿಗಾಗಿ ಮೂರು ವ್ಯಾಟು ಖರ್ಚು ಎಂಬುದನ್ನು ಮಾತ್ರ ಪ್ರತಿದಿನ ಸಣ್ಣ ಅಕ್ಷರದಲ್ಲಿ ಬರೆಯುತ್ತಿದ್ದೆ.

ಅಮಾವಾಸ್ಯೆ ಬಂತು. ಮಧ್ಯಾಹ್ನ ಚೋರನೂರಿನಿಂದ ಬಂದ ಒಬ್ಬ ಅಜ್ಜಿ ಸ್ಟೂಲಿನ ಮೇಲೆ ಕೂತರು. ಗಂಡನ ವರ್ಷದ ಕಾರ್ಯಕ್ಕೆ ಬ್ಯಾನರ್ ಬೇಕಿತ್ತು. ಜೊತೆಗೆ ಬಂದ ಮಗಳು ಅವರನ್ನು ಕೂರಿಸಿ, ಸಾಮಾನು ತರಲು ಮಾರ್ಕೆಟ್ಟಿಗೆ ಹೋಗಿದ್ದಳು. ಬಾಗಿಲಲ್ಲಿ ಇನ್ನೂ ಮೂವರು ಕಾಯುತ್ತಿದ್ದರು. ಈರಣ್ಣ ಪೂಜೆಯ ತೆಂಗಿನಕಾಯಿ ಸುಲಿಯುತ್ತ ನಮ್ಮ ಕಡೆಗೇ ನೋಡುತ್ತಿದ್ದರು. ನಾನು ಸ್ವಿಚ್ ಹಾಕಿ, "ಹೆಸರು ಹೇಳಮ್ಮಾ!" ಎಂದೆ. ಅಜ್ಜಿ ಫೋಟೋ ಮುಂದಿಟ್ಟರು. "ಹೆಸರು!" ಎಂದು ಇನ್ನೂ ಜೋರಾಗಿ ಕೂಗಿದೆ. ಅಜ್ಜಿ ನನ್ನ ಕಡೆ ಬಾಗಿ, "ಅವರ ಹೆಸರು ನಾ ಹ್ಯಾಂಗ ಹೇಳ್ಲಿ ನನ್ನವ್ವ? ಒಂದಿನಾನೂ ಹೇಳಿದಾಕಿ ಅಲ್ಲ," ಎಂದರು. ಗಂಡನ ಹೆಸರನ್ನು ಬಾಯಲ್ಲಿ ಆಡದ ಆ ಕಾಲದವರು. "ಮಗಳು ಬರ್ಲಿ ಬಿಡ್ರಿ, ಆಕಿನ್ನ ಕೇಳ್ತೀನಿ," ಎಂದೆ. ಅವರು ಕೆಮ್ಮುತ್ತಿದ್ದ ಫ್ಯಾನಿನ ಕಡೆ ಬೆರಳು ಮಾಡಿದರು. "ಅದನ್ನ ಆರಸವ್ವಾ. ನಾನ ಹೇಳ್ತೀನಿ. ಆದ್ರ ಸಂತ್ಯಾಗ ನಿಂತು ಕೂಗಿದಂಗ ಕೂಗು ಅನ್ನಬ್ಯಾಡ."

ಬಾಗಿಲ ಕಡೆ ನೋಡಿದೆ, ಈರಣ್ಣನ ಕಡೆ ನೋಡಿದೆ. ಪೂಜೆಗೆ ಇನ್ನು ಕೆಲವೇ ಗಂಟೆ. ಸ್ವಿಚ್ ತೆಗೆದೆ. ಅಜ್ಜಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ನನ್ನ ಕಿವಿಯ ಹತ್ತಿರ ಬಂದು, "ಗಾದೆಪ್ಪ," ಎಂದರು. ನಾನು ಟೈಪು ಮಾಡಿದೆ. "ಕೇಳ್ತೇನು? ಗಾದೆಪ್ಪ," ಎಂದರು ಮತ್ತೆ. ಕೇಳಿತು ಎಂದೆ. ಪರದೆಯ ಮೇಲೆ ಅಕ್ಷರಗಳು ದೊಡ್ಡದಾದ ಮೇಲೆ ಸೆರಗು ಕೆಳಗಿಳಿಸಿ, ಯಾರೂ ಕೇಳದಿದ್ದರೂ, "ಗಾದೆಪ್ಪ," ಎಂದು ಮೂರನೇ ಸಲ, ಪಕ್ಕದ ಕೋಣೆಯಲ್ಲಿರುವವರನ್ನು ಊಟಕ್ಕೆ ಕರೆಯುವ ಧ್ವನಿಯಲ್ಲಿ ಹೇಳಿದರು. ಹೇಳಿ ನಕ್ಕುಬಿಟ್ಟರು. "ಇದ್ದಾಗ ಕರದಿದ್ರ ಹೌಹಾರಿ ಬೀಳತಿದ್ರು ನೋಡು," ಎಂದರು. ಅಷ್ಟರಲ್ಲಿ ಮಗಳು ಬಂದಳು. ಅಜ್ಜಿ ಮತ್ತೆ ಸೆರಗು ಹೊದ್ದು, ಏನೂ ಆಗಿಲ್ಲವೆಂಬಂತೆ ಎದ್ದು ಹೋದರು. ಅಜ್ಜಿ ಅಳಲಿಲ್ಲ. ಅದನ್ನು ಸ್ಪಷ್ಟವಾಗಿ ದಾಖಲಿಸುತ್ತಿದ್ದೇನೆ.

ಉಳಿದ ಮೂವರದನ್ನು ಫ್ಯಾನು ಹಾಕದೆಯೇ ಮುಗಿಸಿದೆ, ತಡವಾಯಿತು; ಅವರಲ್ಲೂ ಯಾರೂ ಅಳಲಿಲ್ಲ. ಅವರು ಹೋದ ಮೇಲೆ ಅಂಗಡಿಯಲ್ಲಿ ಗಡಿಯಾರದ ಟಿಕ್ ಟಿಕ್ ಒಂದೇ ಉಳಿಯಿತು. ಪಕ್ಕದಲ್ಲಿ ಸ್ಟೂಲು ಖಾಲಿಯಿತ್ತು. ಎರಡು ವರ್ಷದ ಹಿಂದೆ ಅದರ ಮೇಲೆ ಅವ್ವ ಕೂತಿದ್ದಳು. ಅವಳೂ ಅಪ್ಪನ ಹೆಸರನ್ನು ಒಮ್ಮೆಯೂ ಆಡಿದವಳಲ್ಲ. ಯಾರಾದರೂ ಕೇಳಿದ್ದರೆ ಅವಳಿಗೂ ಹೇಳಬೇಕು ಅನ್ನಿಸುತ್ತಿತ್ತೋ ಏನೋ. ಎಲ್ಲ ನನಗೇ ಗೊತ್ತಿತ್ತಲ್ಲ. ಯಾಕೋ ಕೈ ತಾನಾಗಿಯೇ ಹೋಗಿ ಫ್ಯಾನಿನ ಸ್ವಿಚ್ ಹಾಕಿತು.

ಸ್ವಲ್ಪ ಹೊತ್ತಿನ ಮೇಲೆ ಹಿಂದಿನಿಂದ ಈರಣ್ಣ ಕೂಗಿದರು: "ಏನವಾ, ಗಿರಾಕಿ ಯಾರೂ ಇಲ್ಲ, ಅದನ್ಯಾಕ ಹಚ್ಚಿ?"

ನಾನು ತಿರುಗದೆ, "ಸಿಸ್ಟಂ ಬಿಸಿ ಆಗೇತ್ರಿ," ಎಂದು ಕೂಗಿದೆ.

ಅವರು ಬಂದು ಕಂಪ್ಯೂಟರಿನ ನೆತ್ತಿಯ ಮೇಲೆ ಅಂಗೈ ಇಟ್ಟರು. ಅದು ಎಂದಿನಂತೆ ಉಗುರುಬೆಚ್ಚಗಿತ್ತು. ಗೋಡೆಗೆ ಮುಖ ಮಾಡಿ ತಿರುಗುತ್ತಿದ್ದ ಫ್ಯಾನನ್ನು ನೋಡಿದರು. ನನ್ನನ್ನು ನೋಡಲಿಲ್ಲ. "ಹೌದ ನೋಡು, ಭಾಳ ಬಿಸಿ ಆಗೇತಿ. ಇರ್ಲಿ ಬಿಡು, ಇನ್ನೊಂದು ಸ್ವಲ್ಪ ಹೊತ್ತು ತಿರಗ್ಲಿ," ಎಂದು ನೀರಿನ ಬಾಟಲಿಯನ್ನು ಅದರ ಜಾಡಿನಲ್ಲೇ ನನ್ನ ಕಡೆಗೆ ಸರಿಸಿ ಹೊರಟುಹೋದರು. ಸಂಜೆ ಅಟ್ಟದ ಕಡೆ ತಲೆ ಎತ್ತದೆ, ಹೊಸ ಡಬ್ಬಿಗೆ ಕುಂಕುಮ ಹಚ್ಚಿ ಕಾಯಿ ಒಡೆದರು. ಬೆರಳಲ್ಲಿ ಉಳಿದಿದ್ದ ಕುಂಕುಮವನ್ನು ಆ ಫ್ಯಾನಿಗೂ ಒರೆಸಿದರು.

ಆ ದಿನದ ಲೆಕ್ಕವನ್ನು ಎಂದಿನಂತೆ ಬರೆದೆ. ಕಂಪ್ಯೂಟರಿನ ವ್ಯಾಟು, ಸರಿ. ಫ್ಯಾನಿಗೆ ಮೂರು ವ್ಯಾಟು, ಅದೂ ಸರಿ. ಅತ್ತ ಗಿರಾಕಿಗಳು, ಸೊನ್ನೆ. ಇದರಲ್ಲಿ ಸುಳ್ಳೇನೂ ಇಲ್ಲ; ಅಂಕಣದ ತಲೆಯ ಮೇಲೆ 'ಗಿರಾಕಿಗಳು' ಎಂದೇ ಬರೆದಿದೆ, ಮತ್ತು ನಾನು ಅಲ್ಲಿ ಸಂಬಳಕ್ಕಿರುವವಳು.