ಇಂದಿರಕ್ಕ ಹೊಡೆಯದ ಚೆಂಡು

ಕ್ಯಾನ್ಸರ್ ಸಂಶೋಧನೆಯ ಸಹಾಯಾರ್ಥ ಗಾಲ್ಫ್ ಪಂದ್ಯಾವಳಿಯನ್ನು ಏರ್ಪಡಿಸಿದ ಸಮಿತಿಯ ಮಹನೀಯರೇ, ಒಬ್ಬ ಹೆಂಗಸು ಹೊಡೆಯಬೇಕಾಗಿದ್ದ ಚೆಂಡನ್ನು ನೀವು ಆಕೆಯ ಕಣ್ಣೆದುರಿಗೇ ಹೊಡೆದುಬಿಟ್ಟಿರಿ. ಇದು ನನ್ನ ನೇರ ಆರೋಪ. ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಉತ್ತರದಾಯಿತ್ವದ ಕುರಿತು ಓದಿದ ಫಲವಾಗಿ ನಾನು ಮನೆಯಲ್ಲಿ ಹಾಲು ಒಡೆದರೂ ಹೊಣೆ ಯಾರದೆಂದು ಕೇಳುವವನು; ಆರೋಪಿಸುವಾಗ ನನ್ನ ದನಿ ತಾನಾಗಿ ಏರುತ್ತದೆ. ಆದರೆ ಆ ಬೆಳಗನ್ನು ನೆನೆದರೆ ಮಾತ್ರ ಸಿಟ್ಟೆಲ್ಲ ಮಂಜಿನಲ್ಲಿ ಕರಗಿ, ನಡೆದದ್ದೋ ಕನಸಿನಲ್ಲಿ ಕಂಡದ್ದೋ ಎಂಬ ಅನುಮಾನ ಹುಟ್ಟುತ್ತದೆ.

ಇಂದಿರಕ್ಕ ಹುಬ್ಬಳ್ಳಿ ಕಡೆಯವರು; ಮುಂಬಯಿ ಹೊರವಲಯದ ಡೊಂಬಿವಲಿಯಲ್ಲಿ ನಮ್ಮ ಮೇಲಿನ ಮಹಡಿಯಲ್ಲಿದ್ದಾರೆ. ಲೋಕಲ್ ರೈಲಿನಲ್ಲಿ ಆಸ್ಪತ್ರೆಗೆ ಓಡಾಡಿ ಕ್ಯಾನ್ಸರಿನ ಚಿಕಿತ್ಸೆ ಮುಗಿಸಿಕೊಂಡವರು. ಶಸ್ತ್ರಚಿಕಿತ್ಸೆಯ ನಂತರ ಅವರ ಬಲಗೈ ಭುಜದ ಮಟ್ಟಕ್ಕೆ ಏಳಲು ತಿಂಗಳುಗಳೇ ಬೇಕಾದವು. ಕೈ ಎದ್ದ ಮೇಲೂ ಅದಕ್ಕೆ ಯಾರೂ ಕೆಲಸ ಕೊಡಲಿಲ್ಲ. ತರಕಾರಿಯ ಚೀಲವನ್ನು ಕಾವಲುಗಾರ ಕಸಿದುಕೊಳ್ಳುತ್ತಿದ್ದ, ನೀರಿನ ಕೊಡವನ್ನು ಮಗಳು. ಹೀಗಿರುವಾಗ, ರೋಗವನ್ನು ಗೆದ್ದವರೊಬ್ಬರು ಪಂದ್ಯದ ಮೊದಲ ಚೆಂಡನ್ನು ಹೊಡೆಯಬೇಕೆಂದು ನಿಮ್ಮ ಸಮಿತಿ ನಮ್ಮ ಕನ್ನಡ ಸಂಘಕ್ಕೆ ಬರೆಯಿತು. ಸಂಘದ ಜಂಟಿ ಕಾರ್ಯದರ್ಶಿಯಾದ ನಾನು ಸುದ್ದಿ ಒಯ್ದೆ.

"ಗಾಲ್ಫ್ ಅಂದ್ರ ಸಾಹುಕಾರರ ಚಿನ್ನಿದಾಂಡು, ಹೌದಲ್ಲೋ ತಮ್ಮಾ? ನಡಿ, ಆಡೇ ಬಿಡೂಣು!" ಎಂದರು.

ಅಂದಿನಿಂದ ಸಂಜೆಯಾದರೆ ತಾರಸಿಯ ಮೇಲೆ ಅಭ್ಯಾಸ. ತಲೆಕೆಳಗಾಗಿ ಹಿಡಿದ ಛತ್ರಿಯೇ ಕೋಲು, ಸುತ್ತಿ ಕಟ್ಟಿದ ಕಾಲುಚೀಲವೇ ಚೆಂಡು. ಅದು ನೀರಿನ ಟ್ಯಾಂಕನ್ನೂ ಮುಟ್ಟುತ್ತಿರಲಿಲ್ಲ. ಆದರೆ ಇಂದಿರಕ್ಕ ಹುಬ್ಬಿನ ಮೇಲೆ ಕೈಯಿಟ್ಟು, ಕಲ್ಯಾಣದ ಕಡೆ ಮಿನುಗುತ್ತ ಸಾಗುವ ರೈಲುಗಳ ಆಚೆ ದಿಟ್ಟಿಸಿ, "ನೋಡು, ಭಿವಂಡಿ ದಾಟ್ತು" ಎನ್ನುವರು. ಸುಳ್ಳೇಕೆ, ನನಗೂ ಅದು ದಾಟಿದಂತೆಯೇ ಕಾಣುತ್ತಿತ್ತು.

ಇಲ್ಲಿಯೇ ಹುಟ್ಟಿ ಬೆಳೆದ ಮಗಳು ಪಲ್ಲವಿ ಮೆಟ್ಟಿಲ ಬಳಿಯಿಂದ ಕೂಗುವಳು: "ಆಯೀ, ಹಾಥ್ ದುಖೇಗಾ, ಬಸ್ ಕರ್ ನಾ!"

"ನೋವಾದ್ರ ನನ್ನ ಕೈಗೆ ಆಗ್ತದ. ನೀ ಯಾಕ ಒದರ್ತಿ?"

ಪಂದ್ಯದ ದಿನ ಬೆಳಗ್ಗೆ ನವಿ ಮುಂಬಯಿಯ ಗುಡ್ಡದ ಬುಡದಲ್ಲಿರುವ ಗಾಲ್ಫ್ ಮೈದಾನದಲ್ಲಿ ಮಂಜು ಇನ್ನೂ ಮಲಗಿತ್ತು. ಬೆಳ್ಳಕ್ಕಿಗಳು ಕ್ಲಬ್ಬಿನ ಹಳೆಯ ಸದಸ್ಯರಂತೆ ಗಂಭೀರವಾಗಿ ಅಡ್ಡಾಡುತ್ತಿದ್ದವು. ಠಾಣೆಯ ಮಾಜಿವಾಡಾದಿಂದ ಬಂದಿದ್ದ ನಮ್ಮ ಸಂಘದ ಅಧ್ಯಕ್ಷ ಶೆಟ್ಟರು, "ಇದು ಹುಲ್ಲಾ, ಕಾರ್ಪೆಟ್ಟಾ ಮಾರಾಯ್ರೆ?" ಎಂದು ಪಿಸುಗುಟ್ಟಿ ಬೂಟು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡರು. ಪುಟ್ಟ ಮರದ ಮೊಳೆಯ ಮೇಲೆ ಬಿಳಿಯ ಚೆಂಡು ಇಬ್ಬನಿಯಂತೆ ಕುಳಿತಿತ್ತು. ಇಂದಿರಕ್ಕ ಅದನ್ನೇ ನೋಡುತ್ತ ಸೆರಗನ್ನು ಸೊಂಟಕ್ಕೆ ಬಿಗಿದರು.

ಆದರೆ ಕರೆದ ಅತಿಥಿಯನ್ನು ನಾವು ಕನ್ನಡಿಗರು ಸನ್ಮಾನಿಸದೆ ಬಿಡುವುದುಂಟೆ? ಆ ಭುಜದ ಮೇಲೆ ಶಾಲು ಬಿತ್ತು, ಕೊರಳಿಗೆ ಗಂಧದ ಹಾರ, ಎಡಗೈಗೆ ಸ್ಮರಣಿಕೆ, ಎರಡೂ ಕೈ ಸೇರಿ ಹಿಡಿಯುವಂತೆ ಅನಾನಸು ಸಹಿತವಾದ ಹಣ್ಣಿನ ಬುಟ್ಟಿ. ಅಷ್ಟರಲ್ಲಿ ಧ್ವನಿವರ್ಧಕ ಅವರ ಹೆಸರನ್ನು ಕೂಗಿತು. ಕೈಗಳು ತುಂಬಿದ್ದವು. ನಿಮ್ಮ ಅಧ್ಯಕ್ಷರು, "ಮೇಡಂ, ನಿಮಗೇಕೆ ತೊಂದರೆ?" ಎಂದು ನಕ್ಕು, ಅವರ ಪರವಾಗಿ ತಾವೇ ಬೀಸಿದರು. ಚಪ್ಪಾಳೆ ಬಿತ್ತು. ಚೆಂಡು ಮಂಜಿನೊಳಗೆ ಹೋಯಿತು.

"ಅದು ನನ್ನ ಚೆಂಡಿತ್ತಲ್ಲೋ" ಎಂದರು ಇಂದಿರಕ್ಕ, ಅನಾನಸಿನ ಹಿಂದಿನಿಂದ.

ಸತ್ಯವನ್ನು ಪೂರ್ತಿಯಾಗಿ ದಾಖಲಿಸಬೇಕು. ಆ ಬುಟ್ಟಿಯನ್ನು ಅವರ ಕೈಗಿತ್ತವನು ನಾನು. ಹೆಸರು ಕೂಗಿದಾಗ ಅವರು, "ತಮ್ಮಾ, ಇದನ್ನ ಒಂದಿಷ್ಟು ಹಿಡಿ" ಎಂದದ್ದೂ ನನಗೇ. "ಇರಿ ಅಕ್ಕಾ, ಫೋಟೋ ಆಗಲಿ" ಎಂದು ಕ್ಯಾಮರಾದ ಕಡೆ ನಕ್ಕವನೂ ನಾನೇ. ಉತ್ತರದಾಯಿತ್ವದ ಪಠ್ಯದಲ್ಲಿ ಅನಾನಸಿನ ಪ್ರಸ್ತಾಪ ಇರಲಿಲ್ಲ.

ಆದ್ದರಿಂದ ಸಮಿತಿಯಲ್ಲಿ ವಿನಂತಿ: ಆಕೆಯ ಚೆಂಡನ್ನು ಬೇರೊಬ್ಬರು ಹೊಡೆದದ್ದೇಕೆಂದು ಲಿಖಿತ ಉತ್ತರ ನೀಡಬೇಕು. ಮೈದಾನ ಬರಿದಾಗಿರುವ ಒಂದು ಬೆಳಗ್ಗೆ, ವೇದಿಕೆ, ಧ್ವನಿವರ್ಧಕಗಳಿಲ್ಲದೆ, ಶ್ರೀಮತಿ ಇಂದಿರಾ ಅವರಿಗೆ ಒಂದು ಕೋಲನ್ನೂ ಅವರಿಗೆ ಸಾಕೆನಿಸುವಷ್ಟು ಚೆಂಡುಗಳನ್ನೂ ಒದಗಿಸಬೇಕು. ಅಂದು ಈ ಅರ್ಜಿದಾರನನ್ನು ಗೇಟಿನೊಳಗೆ ಬಿಡಬಾರದು; ಬಿಡಲೇಬೇಕಾದಲ್ಲಿ, ಬರಿಗೈಯಲ್ಲಿ ಬಂದಿದ್ದಾನೆಯೇ ಎಂದು ತಪಾಸಣೆ ಮಾಡಿಯೇ ಬಿಡಬೇಕು.