ಮಾವನ ಏಕಾದಶಿ ಬ್ಯಾಕಪ್

ಏಕಾದಶಿಯ ಉಪವಾಸ ಮಾಡುವವರು ಕಾಶಿಯಲ್ಲಿ ಗಲ್ಲಿಗೊಬ್ಬರು ಸಿಗುತ್ತಾರೆ. ಆದರೆ ಕಂಪ್ಯೂಟರಿನ ಜೊತೆ ಸೇರಿ ಏಕಾದಶಿ ಮಾಡಿದವರು, ಅದರ ಕೆಲಸ ಮುಗಿಯಲಿಲ್ಲವೆಂದು ದ್ವಾದಶಿಯ ಪಾರಣೆಯನ್ನೂ ತಪ್ಪಿಸಿಕೊಂಡವರು, ಈ ಭೂಮಂಡಲದಲ್ಲಿ ನಮ್ಮ ಮಾವ ಒಬ್ಬರೇ! ಅನುಮಾನವಿದ್ದರೆ ಶಿವಾಲದ ಗಲ್ಲಿಗೆ ಹೋಗಿ "ಕಂಪ್ಯೂಟರ್‌ವಾಲೇ ಪಂಡಿತ್‌ಜೀ" ಎಂದು ಕೇಳಿ ನೋಡಿ. ಹಾಲಿನವನು, ಪಾನಿನವನು, ದಾರಿಗೆ ಅಡ್ಡ ಮಲಗಿರುವ ಹೋರಿ, ಮೂವರೂ ಒಂದೇ ಬಾಗಿಲಿನ ಕಡೆ ಮುಖ ಮಾಡುತ್ತಾರೆ.

ಅವರು ನನ್ನ ಅಮ್ಮನಿಗೆ ದೂರದ ಅಣ್ಣ. ನಾನು ಮೈಸೂರಿನಿಂದ ಅಲ್ಲಿನ ವಿಶ್ವವಿದ್ಯಾಲಯಕ್ಕೆ ಸಂಶೋಧನೆಗೆಂದು ಹೋದಾಗ ಅವರ ಮನೆಯ ಮಹಡಿಯ ಕೋಣೆಯಲ್ಲಿ ಇದ್ದೆ. ನನ್ನ ವಿಷಯ ಹಾವಸೆ. ಹೌದು, ಬಚ್ಚಲ ಕಲ್ಲಿನ ಮೇಲೆ ಬೆಳೆದು ನಮ್ಮನ್ನು ಜಾರಿಸಿ ಬೀಳಿಸುತ್ತದಲ್ಲ, ಅದೇ! ಮಾವನದು ಕರ್ನಾಟಕದಿಂದ ಬರುವ ಯಾತ್ರಿಕರಿಗೆ ಗಂಗೆಯ ದಡದಲ್ಲಿ ಪಿತೃಕಾರ್ಯ ಮಾಡಿಸುವ ಮನೆತನ. ಅವರ ಮುತ್ತಜ್ಜ ಹರಿಹರದ ಹತ್ತಿರದ ಒಂದು ಹಳ್ಳಿಯಿಂದ ಹೆಂಡತಿಯನ್ನು ಕರೆದುಕೊಂಡು ಬಂದು ಕಾಶಿಯಲ್ಲಿ ನೆಲೆ ನಿಂತವರು. ಆಮೇಲೆ ಹುಟ್ಟಿದವರೆಲ್ಲ ಅಲ್ಲಿಯವರೇ. ಮಾವ ಹುಟ್ಟಿದ್ದೂ ಶಿವಾಲದಲ್ಲಿ, ಬೆಳೆದದ್ದೂ ಶಿವಾಲದಲ್ಲಿ. ಕರ್ನಾಟಕವನ್ನು ಅವರು ಒಂದು ಸಲವೂ ನೋಡಿರಲಿಲ್ಲ.

"ಒಂದು ಸಲ ಹೋಗಿ ಬರಬಾರದಾ ಮಾವ?" ಎಂದರೆ, "ಹೋಗಿ ಯಾರ ಮನೆಯ ಬಾಗಿಲು ತಟ್ಟಲಿ ಮಗೂ?" ಎನ್ನುತ್ತಿದ್ದರು.

ಹೋಗದಿದ್ದರೇನಂತೆ, ಕರ್ನಾಟಕವನ್ನೇ ತುಂಡು ತುಂಡಾಗಿ ಮನೆಗೆ ತರಿಸಿಕೊಳ್ಳುವ ಉಪಾಯ ಅವರು ಕಂಡುಹಿಡಿದಿದ್ದರು. ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ರೆಕಾರ್ಡರ್ ಅವರ ಸೊಂಟದಲ್ಲಿ ಸದಾ ಇರುತ್ತಿತ್ತು. ಯಾತ್ರಿಕರನ್ನು ಗೋತ್ರ ಕೇಳಿದ ಮರುಕ್ಷಣವೇ "ನಿಮ್ಮೂರಲ್ಲಿ ಸೌಟಿಗೆ ಏನಂತೀರಿ? ಜೋಕಾಲಿಗೆ? ಜೀರುಂಡೆಗೆ?" ಎಂದು ಶುರು. ಒಮ್ಮೆ ಧಾರವಾಡದ ಹಿರಿಯರೊಬ್ಬರು ಮಾಘ ಮಾಸದ ಗಂಗೆಯಲ್ಲಿ ಮೊಣಕಾಲುದ್ದ ನಿಂತು, ಬೆರಳಿಗೆ ದರ್ಭೆಯ ಪವಿತ್ರ ಹಾಕಿಕೊಂಡು ನಡುಗುತ್ತಿದ್ದರು.

"ಶಾಸ್ತ್ರಿಗಳ, ನೀರು ಭಾಳ ಥಂಡಿ ಅದಾವ್ರಿ. ಲಗೂನ ಮಂತ್ರ ಹೇಳ್ರಿ!"

"ಥಂಡಿ ಅದಾವ? ಅಹಾ! 'ಅದಾವ' ಅನ್ನೋದನ್ನ ಇನ್ನೊಂದು ಸಲ ಅನ್ನಿ. ತುಸು ಈ ಕಡೆ ತಿರುಗಿ, ಗಾಳಿಯ ಸದ್ದು ಬರ್ತಿದೆ."

ಹಿರಿಯರು ಮಂತ್ರಕ್ಕೆ ಮೊದಲು ಇನ್ನೂ ಕೆಲವು ಮಾತುಗಳನ್ನು ಅಂದರು. ಅವನ್ನು ಮಾವ ರೆಕಾರ್ಡ್ ಮಾಡಿಕೊಳ್ಳಲಿಲ್ಲ!

ಇಷ್ಟೆಲ್ಲ ಯಾಕೆ? ಕಾರಣವಿತ್ತು. ಅಂಗಡಿಯಲ್ಲಿ, ರಿಕ್ಷಾದಲ್ಲಿ, ಸುತ್ತಲಿನ ಗಲ್ಲಿಯಲ್ಲಿ ಎಲ್ಲ ಹಿಂದಿ. ಮದುವೆಯಾಗಿ ಲಕ್ನೋ, ಪಟ್ನಾ ಸೇರಿದ ಹೆಣ್ಣುಮಕ್ಕಳು ಫೋನು ಮಾಡಿ "ಪಾಪಾ, ಖಾನಾ ಖಾಯಾ?" ಎಂದು ಕೇಳುತ್ತಿದ್ದರು. ಮಾವ "ಉಂಡೆ ಮಗಳೇ" ಎನ್ನುತ್ತಿದ್ದರು. ಅವರು ಹಿಂದಿ ಬಿಡುತ್ತಿರಲಿಲ್ಲ, ಇವರು ಕನ್ನಡ ಬಿಡುತ್ತಿರಲಿಲ್ಲ. ತಮ್ಮ ಕನ್ನಡದ ಬಗ್ಗೆಯೂ ಮಾವನಿಗೆ ಧೈರ್ಯವಿರಲಿಲ್ಲ. ಬೆಂಗಳೂರಿನ ಹುಡುಗಿಯರು ಅವರ ಮಾತು ಕೇಳಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. "ನಮ್ಮದು ಗಡಿಗೆಯಲ್ಲಿಟ್ಟ ಹಳೆಯ ಕನ್ನಡ ಮಗೂ, ಕಿಲುಬು ಹತ್ತಿದೆ. ಅಸಲಿ ಕನ್ನಡ ಅವರದ್ದು" ಎಂದು ನನ್ನ ಹತ್ತಿರ ಹೇಳಿದ್ದರು.

ಇನ್ನು ಕಂಪ್ಯೂಟರ್ ಬಂದ ಕಥೆ. ಯಾತ್ರಿಕರೊಬ್ಬರು ತಂದೆಯ ಹೆಸರಿನಲ್ಲಿ ಗೋದಾನ ಕೊಡುತ್ತೇನೆ ಎಂದರು. ನಮ್ಮ ಗಲ್ಲಿಯಲ್ಲಿ ಇಬ್ಬರು ಮನುಷ್ಯರು ಎದುರಾದರೇ ಒಬ್ಬರು ಗೋಡೆಗೆ ಅಂಟಿಕೊಳ್ಳಬೇಕು, ಹಸು ಎಲ್ಲಿ ಕಟ್ಟುವುದು? ಮಾವ ಕೈಮುಗಿದು, "ಗೋವಿನ ಬದಲು ಕಂಪ್ಯೂಟರ್ ಆಗಬಹುದೇ?" ಎಂದು ಕೇಳಿಯೇಬಿಟ್ಟರು. ಅದು ಬಂತು! ಅತ್ತೆ ಅದರ ನೆತ್ತಿಗೆ ಕುಂಕುಮ ಹಚ್ಚಿ, "ಹಾಲು ಕೊಡಲ್ಲ ನಿಜ, ಆದರೆ ಸಗಣಿಯನ್ನೂ ಹಾಕಲ್ಲ" ಎಂದು ಸಮಾಧಾನ ಮಾಡಿಕೊಂಡರು.

ಮಾವ ರೆಕಾರ್ಡ್ ಮಾಡಿದ ಒಂದೊಂದು ಮಾತನ್ನೂ ಒಂದೊಂದು ಫೈಲ್ ಮಾಡಿ, ಊರಿನ ಹೆಸರಿಟ್ಟು ಅದರೊಳಗೆ ತುಂಬತೊಡಗಿದರು. ಅಕ್ಕಿಮೂಟೆಯಲ್ಲಿ ಕಾಳುಗಳಿದ್ದ ಹಾಗೆ ಸಾವಿರಾರು ಪುಟ್ಟ ಪುಟ್ಟ ಫೈಲುಗಳು. ಅವನ್ನೆಲ್ಲ ಹೊರಗಿನ ಒಂದು ಡಿಸ್ಕಿಗೆ ನಕಲು ಮಾಡಿಟ್ಟುಕೊಳ್ಳಿ, ಯಂತ್ರ ಕೆಟ್ಟರೂ ಉಳಿಯುತ್ತದೆ ಎಂದು ಯಾರೋ ಹೇಳಿದರು. ಅದೇ ಬ್ಯಾಕಪ್. ಅದನ್ನು ಯಾವಾಗ ಮಾಡುವುದು? ಮಾವ ಪಂಚಾಂಗ ನೋಡಿ ಏಕಾದಶಿ ಎಂದು ನಿಶ್ಚಯಿಸಿದರು. ಆ ದಿನ ಹೇಗೂ ಊಟವಿಲ್ಲ, ಹೊತ್ತು ಹೋಗಬೇಕಲ್ಲ! ಸ್ನಾನ ಮಾಡಿ ಬಂದು ಬ್ಯಾಕಪ್ಪಿಗೆ ಕೂಡಿಸಿ, ವಿಷ್ಣುಸಹಸ್ರನಾಮ ಹೇಳಿ ಮುಗಿಸುವ ಹೊತ್ತಿಗೆ ಅದೂ ಮುಗಿಯುತ್ತಿತ್ತು. ಇಬ್ಬರದೂ ವ್ರತ ಸಾಂಗ.

ಎಲ್ಲವೂ ಚೆನ್ನಾಗಿಯೇ ಇತ್ತು. ಒಂದೇ ಕೊರತೆ: ಕನ್ನಡದಲ್ಲಿ ಟೈಪು ಮಾಡಿದ ಊರಿನ ಹೆಸರುಗಳು ಪರದೆಯ ಮೇಲೆ ಚೌಕ ಚೌಕ ಡಬ್ಬಿಗಳಾಗಿ ಕಾಣುತ್ತಿದ್ದವು. ಶಿವಮೊಗ್ಗವೂ ನಾಲ್ಕು ಡಬ್ಬಿ, ಬಾಗಲಕೋಟೆಯೂ ನಾಲ್ಕೈದು ಡಬ್ಬಿ. ವಿಶ್ವವಿದ್ಯಾಲಯದ ಬಾಗಿಲಿನೆದುರಿನ ಲಂಕಾ ಬಜಾರಿನ ಕಂಪ್ಯೂಟರ್ ಅಂಗಡಿಯವನು, "ಪಂಡಿತ್‌ಜೀ, ನಯಾ ಆಪರೇಟಿಂಗ್ ಸಿಸ್ಟಮ್ ಆಯಾ ಹೈ, ಆಪ್‌ಕಾ ಕನ್ನಡ ಮೋತೀ ಜೈಸಾ ದಿಖೇಗಾ" ಎಂದ. ಮುತ್ತಿನಂಥ ಕನ್ನಡ! ಇನ್ನು ಮಾವ ತಡೆಯುತ್ತಾರೆಯೇ?

ಹೊಸದು ಬಂತು. ಅಕ್ಷರಗಳು ನಿಜಕ್ಕೂ ಮುತ್ತಿನಂತೆ ಹೊಳೆದವು. ಮಾವ ಪರದೆಯ ಮೇಲಿನ "ಹರಿಹರ" ಎಂಬ ಹೆಸರನ್ನು ಬೆರಳಿನಿಂದ ಸವರಿದರು. ಆಮೇಲಿನ ಏಕಾದಶಿ ಬಂತು. ಸಹಸ್ರನಾಮ ಮುಗಿಯಿತು, ಬ್ಯಾಕಪ್ ಮುಗಿಯಲಿಲ್ಲ. ಎರಡನೇ ಸಲ ಸಹಸ್ರನಾಮ ಆಯಿತು. ಉಳಿದಿರುವ ಸಮಯ ಎಷ್ಟು ಎಂದು ಪರದೆ ತೋರಿಸುತ್ತದಲ್ಲ, ಅದು ಇಳಿಯುವ ಬದಲು ಏರುತ್ತಿತ್ತು! ಸಂಜೆ ಕರೆಂಟು ಹೋಗಿ, ಬಂದ ಮೇಲೆ ಮತ್ತೆ ಮೊದಲಿನಿಂದ. ಮರುದಿನ ದ್ವಾದಶಿ. ಅತ್ತೆ ಬೆಳಗ್ಗೆಯೇ ಅಡುಗೆ ಮಾಡಿ ಎಲೆ ಹಾಕಿದರು. ಮಾವ ಕದಲಲಿಲ್ಲ.

"ಅದರದ್ದು ಮುಗಿಯದೆ ನನ್ನದು ಹೇಗೆ ಮುಗಿಯುತ್ತೆ? ಜೊತೆಗೆ ಸಂಕಲ್ಪ ಮಾಡಿದ್ದೇನೆ."

ಅತ್ತೆ ಸೌಟು ಹಿಡಿದುಕೊಂಡೇ ಮಹಡಿ ಹತ್ತಿ ಬಂದರು. "ನೋಡಮ್ಮಾ, ಆ ಯಂತ್ರ ಉಣ್ಣೋವರೆಗೂ ಇವರು ಉಣ್ಣಲ್ಲವಂತೆ. ನೀನೇ ಏನಾದರೂ ಮಾಡು."

"ಅತ್ತೆ, ನಾನು ಹಾವಸೆ ಓದುವವಳು!"

"ಅದೂ ಸೈನ್ಸೇ ತಾನೆ?"

ತ್ರಯೋದಶಿಗೆ ಅದು ಹೇಗೋ ಮುಗಿದು ಮಾವ ಉಂಡರು, ಆದರೆ ಮುಂದಿನ ಏಕಾದಶಿಗಳಿಗೂ ಅದೇ ಪಾಡು. ಅಂತೂ ಚಿಕಿತ್ಸೆ ಶುರುವಾಯಿತು. ಮೊದಲು ಅಂಗಡಿಯವನು ಬಂದು, ಹೊಟ್ಟೆ ಬಿಚ್ಚಿ ನೋಡಿ, "ಪಂಡಿತ್‌ಜೀ, ರ‍್ಯಾಮ್ ಕಮ್ ಹೈ" ಎಂದ. ಮಾವನಿಗೆ ಅದು ಹೇಗೆ ಕೇಳಿಸಿತೆಂದರೆ, ಕೆಂಪಾಗಿ ಎದ್ದು ನಿಂತು, "ಕಾಶಿಯಲ್ಲಿ ನಿಂತು ರಾಮ ಕಡಿಮೆ ಅಂತೀಯಾ? ಹರಿಶ್ಚಂದ್ರ ಘಾಟಿಗೆ ಸುಡಲು ಹೋಗುವ ಪ್ರತಿ ಹೆಣದ ಹಿಂದೆಯೂ ರಾಮನಾಮವೇ ಹೋಗುತ್ತೆ!" ಎಂದು ಗುಡುಗಿದರು. ಹೇಗೋ ಸಮಾಧಾನ ಮಾಡಿ ರ‍್ಯಾಮ್ ಹಾಕಿಸಿದ್ದಾಯಿತು. ಏನೂ ಪ್ರಯೋಜನವಾಗಲಿಲ್ಲ.

ಎರಡನೇ ನಿದಾನ ಮಾವನದೇ. ಯಂತ್ರ ದಕ್ಷಿಣಕ್ಕೆ ಮುಖ ಮಾಡಿ ಕೂತಿದೆ, ಯಮನ ದಿಕ್ಕು, ಕೆಲಸ ಹೇಗೆ ಸಾಗೀತು? ಪೂರ್ವಕ್ಕೆ ತಿರುಗಿಸಿದರು. ತಂತಿ ಗಿಡ್ಡ. ಕೊನೆಗೆ ಕಂಪ್ಯೂಟರು ಹೊಸ್ತಿಲ ಒಳಗೆ, ಮಾವ ಹೊಸ್ತಿಲ ಹೊರಗೆ ಗಲ್ಲಿಯಲ್ಲಿ ಮಣೆ ಹಾಕಿಕೊಂಡು ಕೂತರು. ಹೋರಿ ಬಂದು ಹಿಂದಿನಿಂದ ಪರದೆ ನೋಡತೊಡಗಿತು. ಬ್ಯಾಕಪ್ ಇನ್ನಷ್ಟು ನಿಧಾನವಾಯಿತು.

ಮೂರನೆಯದು ನನ್ನದು. ವಿಭಾಗದ ಸ್ನೇಹಿತರನ್ನು ಕೇಳಿ ತಿಳಿದುಕೊಂಡು ಬಂದೆ. ಹೊಸ ವ್ಯವಸ್ಥೆಯಲ್ಲಿರುವ ಆಂಟಿವೈರಸ್, ದೇವಸ್ಥಾನದ ಬಾಗಿಲಿನ ಪೊಲೀಸಿನವನು ಪ್ರತಿ ಯಾತ್ರಿಕನ ಚೀಲ ತಡಕುವ ಹಾಗೆ, ಒಂದೊಂದು ಫೈಲನ್ನೂ ನಿಲ್ಲಿಸಿ ತಡಕುತ್ತಿತ್ತು. ಸಾವಿರಾರು ಫೈಲಿಗೆ ಸಾವಿರಾರು ಸಲ. "ಮಾವ, ಎಲ್ಲವನ್ನೂ ಸೇರಿಸಿ ಒಂದೇ ಗಂಟು ಕಟ್ಟೋಣ. ಜಿಪ್ ಅಂತಾರೆ. ಒಂದೇ ಸಲ ತಡಕಿ ಬಿಟ್ಟುಬಿಡುತ್ತೆ."

ಮಾವ ಗಾಬರಿಯಾದರು. "ಮಂಡ್ಯದ ಗೌಡರನ್ನೂ ಬೆಳಗಾವಿಯ ಬಾಯಿಯವರನ್ನೂ ಒಂದೇ ಗಂಟಲ್ಲಿ ಕಟ್ಟೋದಾ? ಉಸಿರು ಕಟ್ಟಲ್ಲವಾ?"

"ಅವರು ಫೈಲುಗಳು ಮಾವ!"

"ನಿನಗೆ ಫೈಲುಗಳು" ಎಂದರು.

ಅಷ್ಟರಲ್ಲಿ ನನಗೆ ಬೇರೊಂದು ಅನುಮಾನ ಬಂದಿತ್ತು. ಯಂತ್ರದ ಒಳಗಿನಿಂದ ಆಗಾಗ ಲೊಚ್ ಲೊಚ್ ಎಂಬ ಸದ್ದು. ಮಾವ ಅದು ಕೇಳಿದಾಗಲೆಲ್ಲ ನೆಲಕ್ಕೆ ಬೆರಳು ತಟ್ಟಿ "ಕೃಷ್ಣ ಕೃಷ್ಣ" ಎನ್ನುತ್ತಿದ್ದರು.

"ಯಾಕೆ ಮಾವ?"

"ಹಲ್ಲಿ ಲೊಚಗುಟ್ಟಿತು. ಶುಭ."

ಅದು ಹಲ್ಲಿಯಲ್ಲ, ಒಳಗಿನ ಡಿಸ್ಕು ಸಾಯುತ್ತಿರುವ ಸದ್ದು! ನಾನು ಹೌಹಾರಿ, ಹೊರಗಿನ ಡಿಸ್ಕಿನಲ್ಲಿ ಹಳೆಯ ನಕಲು ಭದ್ರವಾಗಿದೆಯೇ ಎಂದು ಕೇಳಿದೆ. ಮಾವ ಮುಗ್ಧವಾಗಿ ಹೇಳಿದರು: "ಹಳೆಯದು ಎಲ್ಲಿರುತ್ತೆ? ಪ್ರತಿ ಏಕಾದಶಿ ಬೆಳಗ್ಗೆ ಅದನ್ನು ಅಳಿಸಿಯೇ ಹೊಸದು ಶುರು ಮಾಡೋದು. ನಿನ್ನೆಯ ನಿರ್ಮಾಲ್ಯ ತೆಗೆಯದೆ ದೇವರಿಗೆ ಇವತ್ತಿನ ಹೂವು ಏರಿಸುತ್ತಾರಾ?"

ಆ ದಿನವೂ ಏಕಾದಶಿ. ನಿರ್ಮಾಲ್ಯ ಬೆಳಗ್ಗೆಯೇ ಹೋಗಿತ್ತು. ನಾವು ಮಾತಾಡುತ್ತಿರುವಾಗಲೇ ಊರಿನ ಹೆಸರುಗಳು ಅಕಾರಾದಿಯಾಗಿ ಒಂದೊಂದೇ ಆಚೆಯ ಡಿಸ್ಕಿಗೆ ದಾಟುತ್ತಿದ್ದವು. ಅರಸೀಕೆರೆ ದಾಟಿತ್ತು, ಕೊಪ್ಪಳ ದಾಟಿತ್ತು, ಬಾಗಲಕೋಟೆ ದಾಟಿತ್ತು. ನಾವಿಬ್ಬರೂ ಉಸಿರು ಬಿಗಿಹಿಡಿದು ಕೂತೆವು. ಅತ್ತೆಯೂ ಬಂದು ಕೂತರು. ಮಂಡ್ಯ ಹೋಯಿತು, ಮೈಸೂರು ಹೋಯಿತು. "ನಿನ್ನೂರು ಬದುಕಿತು" ಎಂದು ಮಾವ ನನ್ನ ಬೆನ್ನು ತಟ್ಟಿದರು. ಆಮೇಲೆ ಲೊಚ್ ಎಂಬ ಸದ್ದು ಜೋರಾಗಿ ಒಂದು ಸಲ ಬಂತು. ಪರದೆ ನೀಲಿಯಾಗಿ ನಿಂತುಬಿಟ್ಟಿತು.

ಅಂಗಡಿಯವನು ಒಳಗಿನ ಡಿಸ್ಕನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ತಲೆಯನ್ನೂ ಅಲ್ಲಾಡಿಸಿದ. ರಾಣೆಬೆನ್ನೂರು, ಶಿರಸಿ, ಸಾಗರ, ಹಾಸನ, ಹಾವೇರಿ ಎಲ್ಲ ಹೋದವು. ವರ್ಣಮಾಲೆಯ ತುದಿಯಲ್ಲಿ ಕಾದು ನಿಂತಿದ್ದ ಹರಿಹರವೂ ಹೋಯಿತು. ವರ್ಷಗಳಿಂದ ಆ ಕಡೆಯವರು ಯಾರು ಬಂದರೂ ಮಾವ ಅರ್ಧ ದಿನ ಕೂಡಿಸಿಕೊಂಡು ಮಾತಾಡಿಸಿದ್ದರು.

ಮರುದಿನ ದ್ವಾದಶಿಗೆ ಅತ್ತೆ ಎಲೆ ಹಾಕಿದಾಗ ಮಾವ ತಕರಾರಿಲ್ಲದೆ ಉಂಡರು. ಅದನ್ನು ನೋಡಿ ಅತ್ತೆಗೇ ಅಳು ಬಂತು.

ಮಾವ ರೆಕಾರ್ಡರನ್ನು ಗೂಡಿನಲ್ಲಿಟ್ಟರು. ಯಾತ್ರಿಕರನ್ನು ಗೋತ್ರ ಕೇಳುವರು, ಅಷ್ಟೇ. ಸೌಟಿಲ್ಲ, ಜೋಕಾಲಿಯಿಲ್ಲ. ನಿಧಾನವಾಗಿ ಕನ್ನಡವನ್ನೂ ಬಿಟ್ಟರು. "ಹಾಥ್ ಧೋಯಿಯೇ, ಬೈಠಿಯೇ" ಎಂದು ಹಿಂದಿಯಲ್ಲೇ ಕೆಲಸ ಮುಗಿಸುತ್ತಿದ್ದರು. ಪಟ್ನಾದ ಮಗಳು ಫೋನಿನಲ್ಲಿ "ಖಾನಾ ಖಾಯಾ?" ಎಂದಾಗ ಮಾವ "ಹಾಂ, ಖಾಯಾ" ಎಂದದ್ದು ನನಗೆ ಮಹಡಿಯ ಮೇಲೆ ಕೇಳಿಸಿತು. ಮನೆ ಎಷ್ಟು ಮೌನವಾಯಿತೆಂದರೆ, ಅತ್ತೆ ಒಂದು ದಿನ ತಾವಾಗಿಯೇ ಹೋಗಿ, "ಏನ್ರೀ, ಜೀರುಂಡೆಗೆ ನಮ್ಮ ಅಮ್ಮ ಏನೋ ಅನ್ನೋರು..." ಎಂದು ಶುರು ಮಾಡಿದರು. ಮಾವ ಪೇಪರಿನಿಂದ ತಲೆ ಎತ್ತಲಿಲ್ಲ.

ಮಳೆಗಾಲದ ನೆರೆ ಇಳಿದ ಮೇಲೆ ಒಂದು ಮಧ್ಯಾಹ್ನ ನಾನು ಘಾಟಿನ ಕಲ್ಲುಗಳಿಂದ ಹಾವಸೆ ಕೆರೆದು ಸೀಸೆಗೆ ತುಂಬುತ್ತಿದ್ದೆ. ಕೆಳಗೆ ನೀರಿನ ಹತ್ತಿರ ಮಾವ ದರ್ಭೆ, ಎಳ್ಳು ಹರಡಿಕೊಂಡು ಕೂತಿದ್ದರು. ಎದುರಿಗೆ ಮಧ್ಯವಯಸ್ಸಿನ ಒಬ್ಬ ಗಂಡಸು, ತಂದೆಯ ಕಾರ್ಯಕ್ಕೆ ಬಂದವರು. ಅವರ ತಾಯಿ, ಎಪ್ಪತ್ತರ ಹೆಂಗಸು, ಹಿಂದಿನಿಂದ ಒಬ್ಬರೇ ಇಳಿದು ಬರುತ್ತಿದ್ದರು. ಹಸಿ ಕೆಸರು, ಮೇಲೆ ನನ್ನ ಪ್ರೀತಿಯ ಹಾವಸೆ. ಅವರ ಕಾಲು ತುಸು ಜಾರಿತು. ಮಾವ ಅದನ್ನು ನೋಡಿ ಕೂತಲ್ಲಿಂದಲೇ ಕೂಗಿದರು:

"ಜೋಪಾನ ತಾಯೀ, ಪಾವಟಿಗೆ ಜಾರುತ್ತೆ!"

ಆಕೆ ನಿಂತುಬಿಟ್ಟರು. "ಏನಂದ್ರಿ?"

ಮಾವ ಸಂಕೋಚದಿಂದ, "ಸೀಢೀ... ಮೆಟ್ಟಿಲು ಜಾರುತ್ತೆ ಅಂದೆ" ಎಂದರು.

"ಅಲ್ರೀ, ಅದಕ್ಕೂ ಮದ್ಲು ಏನಂದ್ರಿ?"

"ಪಾವಟಿಗೆ."

ಆಕೆ ಆ ಕೆಸರಿನಲ್ಲೇ, ಆ ಮೆಟ್ಟಿಲಿನ ಮೇಲೇ ಕೂತರು. ಸೆರಗು ಕಣ್ಣಿಗೆ ಹೋಯಿತು. ಮಗ ಗಾಬರಿಯಿಂದ ಓಡಿಬಂದ.

"ಏನಿಲ್ಲ ಬಿಡೋ" ಎಂದು ಅವನ ಕೈ ಸರಿಸಿ, ಮಾವನ ಕಡೆ ತಿರುಗಿದರು. "ನಮ್ಮಜ್ಜಿ ಹಿಂಗೇ ಅಂತಿತ್ತು ಕಣ್ರೀ. ನನ್ನ ಕೈ ಹಿಡ್ಕಂಡು ಹೊಳೆಗೆ ಇಳಿಸಾಗ, ಪಾವಟಿಗೆ ಜಾರ್ತೈತೆ, ಜ್ವಾಪಾನ ಅಂತಿತ್ತು. ಅಜ್ಜಿ ಹೋದ ಮ್ಯಾಲೆ ಆ ಮಾತನ್ನ ಯಾರ ಬಾಯಾಗೂ ಕೇಳಿಲ್ಲ ನಾನು."

"ನಿಮ್ಮ ಊರಲ್ಲಿ ಯಾರೂ ಅನ್ನಲ್ಲವಾ?" ಮಾವನ ದನಿ ಬಹಳ ಸಣ್ಣದಾಗಿತ್ತು.

"ಹರಿಹರದ ಕಡೆ ಎಲ್ಲೂ ಅನ್ನಲ್ಲ. ನನ್ನ ಮೊಮ್ಮಕ್ಳು ಸ್ಟೆಪ್ಪು ಅಂತಾವೆ. ನಿಮಗೆ ಯಾರು ಹೇಳಿಕೊಟ್ರು?"

"ಯಾರೂ ಹೇಳಿಕೊಡಲಿಲ್ಲ ತಾಯೀ. ನಮ್ಮ ಮನೆಯಲ್ಲಿ ಹಾಗೇ ಅನ್ನೋದು."

ದೋಣಿಯೊಂದು ಹಾದುಹೋಯಿತು. ಆಮೇಲೆ ಕಾರ್ಯ ಶುರುವಾಯಿತು. ತಂದೆಯ ಪಿಂಡ ಆದ ಮೇಲೆ ಆಕೆ, "ನಮ್ಮಜ್ಜಿಗೂ ಒಂದು ಇಡಿಸ್ರಿ" ಎಂದರು.

"ಅವರ ಹೆಸರು?"

ಆಕೆ ಬಹಳ ಯೋಚಿಸಿದರು. "ಗೊತ್ತಿಲ್ರೀ. ಅಜ್ಜಿ ಅಂತಿದ್ವಿ. ಊರಿಗೆಲ್ಲ ಅಜ್ಜಿನೇ."

ಹೆಸರು ತಿಳಿಯದವರಿಗೆ ಹೇಳಲು ಶಾಸ್ತ್ರದಲ್ಲಿ ಬೇರೆ ಮಾತಿದೆ. ಮಾವ ದಿನಾ ಬಳಸುವ ಮಾತೇ ಅದು. ಅವರು ಕಣ್ಣು ಮುಚ್ಚಿ ಮಂತ್ರ ಎತ್ತಿಕೊಂಡರು. ಸಂಸ್ಕೃತ ಸರಾಗವಾಗಿ ಹರಿದು ಬಂದು, ಹೆಸರು ಬರಬೇಕಾದ ಜಾಗದಲ್ಲಿ ನಿಂತಿತು.

"ಅಜ್ಜಿ" ಎಂದರು ಮಾವ.

ಮಂತ್ರ ಮುಗಿಸಿದ ಮೇಲೆ, ಹರಿಹರದ ಕಡೆಯಿಂದ ಬಂದ ತಮ್ಮ ಮುತ್ತಜ್ಜಿಗೆಂದು ತಾವೇ ಇನ್ನೊಂದು ಪಿಂಡ ಕಟ್ಟಿ, ಅದನ್ನು ಮೊದಲಿನದರ ಪಕ್ಕದಲ್ಲಿಟ್ಟು, ಮತ್ತೊಮ್ಮೆ ಹಾಗೆಯೇ ಕರೆದರು.